ಹೆಪಟೈಟಿಸ್ ಸಿ ಮಾತ್ರೆ ಸುಲಭ, ಮನಸ್ಸು ಕಷ್ಟ: ಸೂಜಿ ನಶೆ ಇರುವವರನ್ನು 84 ದಿನ ದಾಟಿಸುವುದು ಹೇಗೆ

"ಅಣ್ಣಾ, ರಿಪೋರ್ಟ್ ಪಾಸಿಟಿವ್ ಬಂತು. ಆವತ್ತಿಂದ ಅಂವ ಫೋನೇ ಎತ್ತವಲ್ಲ."

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹುಬ್ಬಳ್ಳಿಯಿಂದ ಬರಲಿ, ಗದಗದಿಂದ ಬರಲಿ, ಹಾವೇರಿಯಿಂದ ಬರಲಿ, ಕತೆ ಒಂದೇ. ಅದಕ್ಕೇ ಇದನ್ನು ಒಮ್ಮೆ ಕುಳಿತು ಪೂರ್ತಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇಂಜೆಕ್ಷನ್ ನಶೆ ಇರುವವರ ಜೊತೆ ಆಸ್ಪತ್ರೆಗೆ ಹೋಗಿ ಪಾಳಿ ಹಚ್ಚುವವನು, ಅಷ್ಟೇ.

ಹೆಪಟೈಟಿಸ್ ಸಿ ಅಂದರೆ ರಕ್ತದಿಂದ ಹರಡಿ ಲಿವರ್ ಕೆಡಿಸುವ ವೈರಸ್. ಅದಕ್ಕೆ ಮಾತ್ರೆ ಸಿಗುತ್ತದೆ, ಆ ಚಿಂತೆ ಬೇಡ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು, ಅದರಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ದಿನಕ್ಕೊಮ್ಮೆ, ಹೆಚ್ಚಿನವರಿಗೆ 12 ವಾರ, ಅಂದರೆ 84 ದಿನ. ಪೂರ್ತಿ ತಗೊಂಡರೆ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ವಾಸಿ. ಜನ ತಪ್ಪಿಹೋಗುವುದು ಹಂತಗಳ ನಡುವಿನ ಸಂದಿಯಲ್ಲಿ: ಪರೀಕ್ಷೆ ಆದ ಮೇಲೆ ರಿಪೋರ್ಟ್ ಬರುವ ತನಕ, ಮೊದಲ ಡಬ್ಬಿ ಮುಗಿದು ಎರಡನೆಯದು ಕೈಗೆ ಬರುವ ತನಕ. ಆ ಸಂದಿಯಲ್ಲಿ ಅವರ ಕೈ ಹಿಡಿದು ಎಳೆಯುವುದು ಮನಸ್ಸಿನ ಬೇನೆ. ಅದನ್ನು ಲೆಕ್ಕಕ್ಕೆ ತಗೊಳ್ಳದೆ ಮಾತ್ರೆಯ ಹಿಂದೆ ಓಡಿದರೆ ಕೆಲಸ ಆಗುವುದಿಲ್ಲ.

ಕೈಯಲ್ಲಿ ಏನೇನು ಇರಬೇಕು

ಒಂದು ಪ್ಲಾಸ್ಟಿಕ್ ಫೈಲು, ಒಂದು ನೋಟ್‌ಬುಕ್, ಗೋಡೆಗೆ ತೂಗುಹಾಕುವ ಕ್ಯಾಲೆಂಡರ್. ಆಧಾರ್ ಕಾರ್ಡಿನ ಝೆರಾಕ್ಸ್. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳು (ಸ್ಟ್ರಿಪ್), ಹೌದು, ಖಾಲಿಯಾದದ್ದನ್ನೂ ಎಸೆಯಬೇಡಿ, ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ. ಇಬ್ಬರ ಫೋನ್ ನಂಬರ್, ಯಾಕೆಂದರೆ ಅವನ ಫೋನ್ ಯಾವಾಗ ಒತ್ತೆಗೆ ಹೋಗುತ್ತದೋ ಗೊತ್ತಿಲ್ಲ. ನೀರಿನ ಬಾಟಲಿ, ಒಂದು ಬಿಸ್ಕಿಟ್ ಪುಡಿಕೆ.

ಜೊತೆಗೆ ಹೋಗಲು ಒಬ್ಬರೇ ಇರಲಿ. ಅವ್ವ, ಕಾಕಾ, ಭಾವ ಎಲ್ಲರೂ ಸೇರಿ ಮೆರವಣಿಗೆ ಹೊರಟರೆ ಅವನು ಬಸ್ ಸ್ಟ್ಯಾಂಡಿನಲ್ಲೇ ಮಾಯ.

ಹಂತ 1: ಯಾವುದು ಮೊದಲು ಅನ್ನುವುದನ್ನು ಸರಿ ಮಾಡಿಕೊಳ್ಳಿ

ಎಲ್ಲರೂ ಮಾಡುವ ಮೊದಲ ತಪ್ಪು ಇಲ್ಲಿದೆ. "ಮೊದ್ಲ ನಶಾ ಬಿಡ್ಲಿ, ತಲಿ ಸರಿ ಆಗ್ಲಿ, ಆಮ್ಯಾಲ ಲಿವರ್ ನೋಡೂಣು." ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ನಶೆ ಬಿಡುವುದು ಒಂದು ದಿನದ ಕೆಲಸವಲ್ಲ, ಮನಸ್ಸು ಸರಿಯಾಗುವುದೂ ಅಲ್ಲ, ಅಷ್ಟರಲ್ಲಿ ವೈರಸ್ ಸುಮ್ನೆ ಕೂರುವುದಿಲ್ಲ.

ಈಗಿನ ಚಿಕಿತ್ಸಾ ನಿಯಮಗಳ ಪ್ರಕಾರ ನಶೆ ನಡೆಯುತ್ತಿದೆ ಅನ್ನುವುದು ಹೆಪಟೈಟಿಸ್ ಸಿ ಔಷಧ ನಿರಾಕರಿಸಲು ಕಾರಣವಲ್ಲ. ಖಿನ್ನತೆ ಇದೆ ಅನ್ನುವುದೂ ಅಲ್ಲ. ಈ ತಪ್ಪು ತಿಳಿವಳಿಕೆ ಬಂದದ್ದು ಹಳೇ ಔಷಧದಿಂದ. ಆಗ ಇಂಟರ್‌ಫೆರಾನ್ ಅನ್ನುವ ಇಂಜೆಕ್ಷನ್ ಕೊಡುತ್ತಿದ್ದರು, 24 ವಾರವೋ 48 ವಾರವೋ. ಅದು ಮನಸ್ಸನ್ನು ನಿಜವಾಗಿಯೂ ಕುಗ್ಗಿಸುತ್ತಿತ್ತು, ಕೆಲವರಿಗೆ ಸಾಯುವ ಯೋಚನೆ ಬರುತ್ತಿತ್ತು, ಹಾಗಾಗಿ ಖಿನ್ನತೆ ಇದ್ದವರಿಗೆ ಕೊಡಲು ಡಾಕ್ಟರುಗಳು ಹೆದರುತ್ತಿದ್ದರು. ಈಗ ಕೊಡುವುದು ಸೋಫೋಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್‌ಪಟಾಸ್ವಿರ್. ಬಾಯಿಯಿಂದ ನುಂಗುವ ಮಾತ್ರೆ. ಇವುಗಳಿಗೆ ಆ ಕಾಟ ಇಲ್ಲ. ಔಷಧ ಬದಲಾಯಿತು, ಜನರ ತಲೆಯಲ್ಲಿ ಕೂತ ನಿಯಮ ಬದಲಾಗಿಲ್ಲ.

ನನ್ನ ಜೊತೆ ಬಂದ ಒಬ್ಬ ಹುಡುಗನಿಗೆ ಒಂದು ಆಸ್ಪತ್ರೆಯಲ್ಲಿ "ಆರು ತಿಂಗಳು ಕ್ಲೀನ್ ಇದ್ದು ಬಾ" ಅಂದು ಕಳಿಸಿದರು. ನಾನೂ ಆಗ ಹೊಸಬ, ತಲೆ ಅಲ್ಲಾಡಿಸಿ ಎದ್ದು ಬಂದೆ. ಅವನು ಮತ್ತೆ ಸಿಕ್ಕಿದ್ದು ಒಂದೂವರೆ ವರ್ಷದ ಮೇಲೆ, ಹೊಟ್ಟೆ ಉಬ್ಬಿಸಿಕೊಂಡು. ಈಗ ಯಾರಾದರೂ ಹಾಗಂದರೆ ನಾನು ಜಗಳ ಮಾಡುವುದಿಲ್ಲ, "ಯಾಕ ಈಗ ಬ್ಯಾಡ ಅಂತ ಈ ಚೀಟಿ ಮ್ಯಾಲ ಬರದ ಕೊಡ್ರಿ ಸರ್" ಅನ್ನುತ್ತೇನೆ. ಬರೆಯಲು ಪೆನ್ನು ತೆಗೆದವರು ಅರ್ಧ ಜನ ಅಲ್ಲೇ ಮನಸ್ಸು ಬದಲಿಸುತ್ತಾರೆ.

ಲಿವರ್‌ಗಿಂತ ಮೊದಲು ನೋಡಲೇಬೇಕಾದವು ಮೂರೇ: ಸಾಯುವ ಯೋಚನೆ ಗಟ್ಟಿಯಾಗಿರುವುದು, ಇಲ್ಲದ ದನಿ ಕೇಳುವುದು ಅಥವಾ ಎಲ್ಲರೂ ತನ್ನನ್ನು ಕೊಲ್ಲಲು ಬಂದಿದ್ದಾರೆ ಅಂತ ನಂಬುವುದು, ಮತ್ತು ಕುಡಿತ ತಟ್ಟನೆ ನಿಲ್ಲಿಸಿ ಕೈ ನಡುಕ, ಫಿಟ್ಸ್, ಗೊಂದಲ ಶುರುವಾಗಿರುವುದು. ಇವಕ್ಕೆ ಅದೇ ದಿನ ಆಸ್ಪತ್ರೆ. ಉಳಿದದ್ದೆಲ್ಲ ಜೊತೆಜೊತೆಗೆ ನಡೆಯಬಹುದು.

ಹಂತ 2: ಪರೀಕ್ಷೆಗೆ ಮುಂಚೆ ಮನಸ್ಸಿನ ಲೆಕ್ಕ ತಗೊಳ್ಳಿ

ಇದಕ್ಕೆ ಅರ್ಧ ಗಂಟೆ ಸಾಕು. ಚಹಾದಂಗಡಿಯಲ್ಲಿ ಬೇಡ, ಉಣಕಲ್ ಕೆರೆ ದಂಡೆಯಂಥ ಯಾರೂ ಕಿವಿಗೊಡದ ಜಾಗ ಇರಲಿ. ಎರಡು ಪ್ರಶ್ನೆ ಕೇಳಿ, ಎರಡೂ ಹಿಂದಿನ ಎರಡು ವಾರದ ಬಗ್ಗೆ. ಯಾವುದರಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅನ್ನಿಸಿದೆಯಾ? ಮನಸ್ಸು ಕುಸಿದಂತೆ, ದಾರಿಯೇ ಇಲ್ಲದಂತೆ ಅನ್ನಿಸಿದೆಯಾ? ಹೆಚ್ಚಿನ ದಿನ ಹೌದು ಅಂದರೆ ಮನೋವೈದ್ಯರ ಭೇಟಿಯನ್ನು ನೋಟ್‌ಬುಕ್ಕಿನಲ್ಲಿ ಆಗಲೇ ಬರೆದುಕೊಳ್ಳಿ.

ಆಮೇಲೆ ಮೂರನೆಯದು, ಎಲ್ಲರೂ ಕೇಳಲು ಅಂಜುವುದು. "ಸತ್ತು ಹೋಗಬೇಕು ಅನ್ನಿಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಅನ್ನುವುದು ಸುಳ್ಳು. ನೇರವಾಗಿ ಕೇಳಿದಾಗ ಹೆಗಲು ಇಳಿಸಿ ಉಸಿರು ಬಿಟ್ಟವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಈಗ ಗೊಂದಲದ ಜಾಗ. ಸುಸ್ತು, ನಿದ್ದೆ ಇಲ್ಲದಿರುವುದು, ಸಿಟ್ಟು, ಮಂಕು, ಇವು ಮೂರು ಕಡೆಯಿಂದ ಬರಬಹುದು. ನಶೆ ಇಳಿದಾಗಿನದ್ದು ಕಡೆಯ ಸೂಜಿಯಾದ 8ರಿಂದ 24 ಗಂಟೆಯಲ್ಲಿ ಶುರುವಾಗುತ್ತದೆ, ಜೊತೆಗೆ ಮೂಗು ಸೋರುವುದು, ಆಕಳಿಕೆ, ಮೈಕೈ ನೋವು, ಭೇದಿ ಇರುತ್ತದೆ, ಬಹುಪಾಲು 4ರಿಂದ 10 ದಿನದಲ್ಲಿ ಇಳಿಯುತ್ತದೆ. ಖಿನ್ನತೆ ಹಾಗಲ್ಲ, ಎರಡು ವಾರ ದಾಟಿದರೂ ಕೂತಲ್ಲೇ ಕೂತಿರುತ್ತದೆ, ನಶೆ ಸಿಕ್ಕ ದಿನವೂ ಬಿಡುವುದಿಲ್ಲ. ಮೂರನೆಯದು ಹೆಪಟೈಟಿಸ್ ಸಿ ತಾನೇ ತರುವ ಸುಸ್ತು ಮತ್ತು ತಲೆ ಮಂಜು, ನಿದ್ದೆ ಮಾಡಿ ಎದ್ದರೂ ಹೋಗದ ದಣಿವು. ಯಾವುದು ಯಾವುದು ಅಂತ ತೀರ್ಮಾನ ಮಾಡುವುದು ನಿಮ್ಮ ಕೆಲಸವಲ್ಲ. ಯಾವ ದಿನ ಹೇಗಿತ್ತು, ಆ ದಿನ ಸೂಜಿ ಇತ್ತೋ ಇಲ್ಲವೋ ಅಂತ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆದಿಡಿ. ಅದನ್ನು ನೋಡಿದ ಡಾಕ್ಟರ್ ಅರ್ಧ ಕೆಲಸ ಆಯ್ತು ಅನ್ನುತ್ತಾರೆ.

"ಬರಲ್ಲ" ಅನ್ನುವ ಮಾತಿನ ಹಿಂದೆ ಏನಿದೆ ಅಂತಲೂ ನೋಡಿ. "ನಾ ಹೆಂಗೂ ಸಾಯಾಂವ, ಯಾತಕ್ಕ ಗುಳಿಗಿ" ಅನ್ನುವವನಿಗೆ ಲಿವರ್ ಬಗ್ಗೆ ಭಾಷಣ ಕೊಟ್ಟು ಪ್ರಯೋಜನವಿಲ್ಲ, ಅದು ಖಿನ್ನತೆ ಮಾತಾಡುತ್ತಿದೆ. "ಅಲ್ಲಿ ನಮ್ಮ ಓಣಿಯವರು ಇರ್ತಾರ" ಅನ್ನುವವನದು ನಾಚಿಕೆ, ಅವನಿಗೆ ಬೇಕಾದದ್ದು ಬೇರೆ ಊರಿನ ಆಸ್ಪತ್ರೆ ಅಥವಾ ಮಧ್ಯಾಹ್ನದ ಹೊತ್ತು. ಪಾಳಿಯಲ್ಲಿ ನಿಂತಾಗ ಎದೆ ಹೊಡೆದುಕೊಂಡು ಬೆವರಿ ಓಡುವವನದು ಗಾಬರಿಯ ಕಾಯಿಲೆ. ಖಾಕಿ ಕಂಡರೆ ಓಡುವವನಿಗೆ ಹಿಂದೆ ಏನಾಗಿದೆಯೋ, ಬಾಗಿಲ ಹತ್ತಿರದ ಸೆಕ್ಯೂರಿಟಿಯ ಬಟ್ಟೆ ನೋಡಿಯೇ ತಿರುಗಿ ಹೋದವರಿದ್ದಾರೆ. ಹೆಣ್ಣುಮಕ್ಕಳದು ಇನ್ನೂ ಕಷ್ಟ, ಸೂಜಿ ಹಾಕುವವನು ಗಂಡನೋ ಗೆಳೆಯನೋ ಆಗಿರುತ್ತಾನೆ, ಅವನ ಎದುರಿಗೆ ಏನು ಕೇಳಿದರೂ "ಏನಿಲ್ರಿ" ಅಂತಲೇ ಉತ್ತರ. ಅವರನ್ನು ಒಬ್ಬರನ್ನೇ ಮಾತಾಡಿಸಿ, ಆದರೆ ಹೆಣ್ಣುಮಕ್ಕಳೇ ಮಾತಾಡಿಸಲಿ.

ಹಂತ 3: ರಕ್ತ ಕೊಡುವ ದಿನ

ಇದನ್ನು ಯಾರೂ ಬರೆಯುವುದಿಲ್ಲ, ಆದರೆ ನನ್ನ ಕಣ್ಣೆದುರು ಅತಿ ಹೆಚ್ಚು ಜನ ಎದ್ದುಹೋದದ್ದು ಇಲ್ಲೇ. ವರ್ಷಗಟ್ಟಲೆ ಚುಚ್ಚಿದ ಕೈಯಲ್ಲಿ ನರ ಸಿಗುವುದಿಲ್ಲ. ಲ್ಯಾಬಿನವರು ನಾಲ್ಕು ಕಡೆ ಚುಚ್ಚುತ್ತಾರೆ, ಹಿಂದಿನ ಪಾಳಿಯವರು ಇಣುಕುತ್ತಾರೆ, ಯಾರೋ "ಇವನ ಕೈ ನೋಡ್ರಿ" ಅನ್ನುತ್ತಾರೆ. ಮುಗಿಯಿತು. ಅದರ ಮೇಲೆ ಸೂಜಿ, ಸ್ಪಿರಿಟ್ ವಾಸನೆ, ಕೈಗೆ ಕಟ್ಟುವ ರಬ್ಬರ್, ಇವೆಲ್ಲ ನಶೆಯ ಆಸೆಯನ್ನು ಎಬ್ಬಿಸುವ ವಸ್ತುಗಳೇ.

ಹಿಂದಿನ ರಾತ್ರಿಯಿಂದ ನೀರು ಚೆನ್ನಾಗಿ ಕುಡಿಸಿ. ಕೈ ಬೆಚ್ಚಗಿರಲಿ, ಬಿಸಿನೀರಲ್ಲಿ ಅದ್ದಿದ ಟವೆಲ್ ಸುತ್ತಿದರೆ ನರ ಎದ್ದು ಕಾಣುತ್ತದೆ. ಯಾವ ನರ ಸಿಗುತ್ತದೆ ಅಂತ ಅವನಿಗೇ ಚೆನ್ನಾಗಿ ಗೊತ್ತು, ಅವನನ್ನೇ ಕೇಳಿ ಅಂತ ಲ್ಯಾಬಿನವರಿಗೆ ಮೆಲ್ಲಗೆ ಹೇಳಿ. "ಸಿಸ್ಟರ್, ನರ ಸಿಗೂದು ಕಷ್ಟ ಐತ್ರಿ, ಅನುಭವ ಇರೋರು ತಗದ್ರ ಭಾಳ ಉಪಕಾರ ಆಕ್ಕೇತ್ರಿ" ಅಂದರೆ ಬೇಡ ಅನ್ನುವವರು ಕಡಿಮೆ. ಎರಡು ಸಲ ತಪ್ಪಿದರೆ ನಿಲ್ಲಿಸಿ, ಹೊರಗೆ ಬಂದು ಬಿಸ್ಕಿಟ್ ತಿಂದು ಮತ್ತೆ ಹೋಗಿ. ಮೊದಲ ಪರೀಕ್ಷೆಗೆ ಕಿಟ್‌ನಲ್ಲಿ ಬೆರಳ ತುದಿಯ ಹನಿ ರಕ್ತ ಸಾಕಾಗುವುದೂ ಉಂಟು, ಕೇಳಿ ನೋಡಿ.

ನಶೆ ಇಳಿದು ಮೈ ನಡುಗುತ್ತಿರುವ ಹೊತ್ತಿಗೆ ಕರೆದುಕೊಂಡು ಹೋಗಬೇಡಿ. ಪಾಳಿ ಎರಡು ಗಂಟೆ ಇದ್ದರೆ ಅವನು ಕೂರುವುದಿಲ್ಲ, ಕೂರಲು ಆಗುವುದೂ ಇಲ್ಲ. ಮತ್ತೆ, ರಕ್ತ ಕೊಟ್ಟು ಹೊರಬಂದ ಮೇಲಿನ ಒಂದು ಗಂಟೆ ಅವನನ್ನು ಒಬ್ಬನೇ ಬಿಡಬೇಡಿ. ನಾನು ಗಿರ್ಮಿಟ್ ತಿನ್ನಲು ಕರೆದೊಯ್ಯುತ್ತೇನೆ, ಅದು ನನ್ನ ಚಿಕಿತ್ಸಾ ಪದ್ಧತಿ.

ಹಂತ 4: ರಿಪೋರ್ಟ್ ದಿನ

ಮೊದಲ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿಯನ್ನು. ಅದು ಪಾಸಿಟಿವ್ ಬಂದರೆ ವೈರಸ್ ಯಾವಾಗಲೋ ಮೈಯೊಳಗೆ ಬಂದಿತ್ತು ಅಂತ ಅರ್ಥ. ಸುಮಾರು ಹತ್ತರಲ್ಲಿ ಮೂರು ಜನರಲ್ಲಿ ಆರು ತಿಂಗಳೊಳಗೆ ಅದು ತಾನಾಗೇ ಹೋಗಿರುತ್ತದೆ. ಈಗ ಇದೆಯೋ ಇಲ್ಲವೋ ಹೇಳುವುದು ಎರಡನೆಯದು, ಆರ್‌ಎನ್‌ಎ ಪರೀಕ್ಷೆ, ಇದನ್ನು ವೈರಲ್ ಲೋಡ್ ಅಂತಲೂ ಕರೆಯುತ್ತಾರೆ. ಅದಿಲ್ಲದೆ ಮಾತ್ರೆ ಶುರುವಾಗುವುದಿಲ್ಲ.

ಈ ಎರಡು ಪರೀಕ್ಷೆಗಳ ನಡುವಿನ ದಿನಗಳೇ ಆ ಫೋನ್ ಎತ್ತದ ದಿನಗಳು. ಹಾಗಾಗಿ ಎರಡು ಕೆಲಸ ಮಾಡಿ. ಒಂದು, ಆರ್‌ಎನ್‌ಎಗೂ ರಕ್ತ ಅದೇ ದಿನ ತೆಗೆಯುತ್ತಾರಾ ಅಂತ ಕೇಳಿ, ಮತ್ತೆ ಚುಚ್ಚುವ ಪ್ರಮೇಯ ತಪ್ಪುತ್ತದೆ. ಎರಡು, ರಿಪೋರ್ಟ್ ಬರುವ ಮುಂಚೆಯೇ "ಪಾಸಿಟಿವ್ ಬಂದರೆ ಏನು ಮಾಡೋದು" ಅಂತ ಅವನ ಬಾಯಿಂದಲೇ ಹೇಳಿಸಿ. ಆ ಸಂಜೆ ಯಾರ ಮನೆಯಲ್ಲಿ ಇರುತ್ತಾನೆ, ರಾತ್ರಿ ಯಾರಿಗೆ ಫೋನ್ ಮಾಡುತ್ತಾನೆ, ಮರುದಿನ ಎಷ್ಟು ಗಂಟೆಗೆ ಎಲ್ಲಿ ಸಿಗುತ್ತಾನೆ. ಬರೆದಿಡಿ.

ಹೇಳುವ ಮಾತು ಚಿಕ್ಕದಾಗಿರಲಿ: "ವೈರಸ್ ಐತಿ. ಔಷಧ ಐತಿ. ಮೂರು ತಿಂಗಳು. ನಾಳೆ ಹತ್ತಕ್ಕ ಚೆನ್ನಮ್ಮ ಸರ್ಕಲ್ ಹತ್ರ ನಿಂತಿರ್ತೀನಿ." ಅಷ್ಟೇ. ಲಿವರ್ ಕ್ಯಾನ್ಸರ್, ಸಿರೋಸಿಸ್ ಅಂತ ಹೆದರಿಸಿದರೆ ಜನ ಆಸ್ಪತ್ರೆಗೆ ಓಡುತ್ತಾರೆ ಅಂತ ನಾವು ತಿಳಿಯುತ್ತೇವೆ. ಅವರು ಓಡುವುದು ಸೂಜಿಯ ಕಡೆ. ವಾಟ್ಸಾಪ್‌ನಲ್ಲಿ ರಿಪೋರ್ಟ್ ಫೋಟೋ ಕಳಿಸುವ ಕೆಟ್ಟ ಚಟವನ್ನೂ ದಯವಿಟ್ಟು ಬಿಡಿ.

ಇನ್ನೊಂದು ಅಡ್ಡದಾರಿ: ಮನೆಯವರು "ಇದು ಕಾಮಣಿ ಅಲ್ಲೇನು" ಅಂತ ನಾಟಿ ಔಷಧಕ್ಕೆ ಕರೆದೊಯ್ಯುವುದು. ಕಣ್ಣು ಹಳದಿಯಾಗದೆಯೂ ಹೆಪಟೈಟಿಸ್ ಸಿ ವರ್ಷಗಟ್ಟಲೆ ಇರಬಹುದು, ಇಲೆಕ್ಷನ್ನಿನ ಶಾಯಿಯಂತೆ ಬೆರಳಲ್ಲಿ ತೋರಿಸುವ ಗುರುತಲ್ಲ ಅದು. ಸೊಪ್ಪಿನ ರಸ ಕುಡಿದು ಕಳೆಯುವ ದಿನಗಳು ಅವನಿಗೆ ತಪ್ಪಿಸಿಕೊಳ್ಳಲು ಸಿಗುವ ದಿನಗಳು.

ಹಂತ 5: ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿಯಿರಿ

ಆರ್‌ಎನ್‌ಎ ಪಾಸಿಟಿವ್ ಆದ ಮೇಲೆ ಲಿವರ್ ಎಷ್ಟು ಕೆಟ್ಟಿದೆ ಅಂತ ನೋಡುತ್ತಾರೆ. ರಕ್ತದ ಪ್ಲೇಟ್‌ಲೆಟ್ ಮತ್ತು ಲಿವರ್ ಪರೀಕ್ಷೆಯ ಲೆಕ್ಕದಿಂದಲೇ ಸಾಕಷ್ಟು ತಿಳಿಯುತ್ತದೆ. ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಪರೀಕ್ಷೆಯೂ ಆಗಲೇಬೇಕು. ಬಿ ಇದ್ದು ಗೊತ್ತಾಗದೆ ಸಿ ಮಾತ್ರೆ ಶುರು ಮಾಡಿದರೆ ಮಲಗಿದ್ದ ಬಿ ಎದ್ದು ಲಿವರ್‌ಗೆ ಹೊಡೆಯಬಹುದು. ಬಿ ಇಲ್ಲದಿದ್ದರೆ ಅದರ ಲಸಿಕೆ ಹಾಕಿಸಿ. ಸಿಗೆ ಲಸಿಕೆ ಇಲ್ಲ.

ಈ ಹಂತದಲ್ಲಿ ನಾನು ಹಠ ಮಾಡುವುದು ಖಾಲಿ ಪಟ್ಟಿಗಳ ಬಗ್ಗೆ. ನೋವಿನ ಮಾತ್ರೆಗಳ ನಶೆಯಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ, ಟ್ರಮಡಾಲ್‌ನಿಂದಂತೂ ಜಾಸ್ತಿ. ಅದಕ್ಕೆ ಯಾರೋ ಫೆನಿಟಾಯಿನ್ ಬರೆದಿರುತ್ತಾರೆ, ನಮ್ಮ ಕಡೆ ಎಪ್ಟಾಯಿನ್ ಅಂದರೆ ಗೊತ್ತಾಗುತ್ತದೆ. ಇನ್ನು ಕೆಲವರಿಗೆ ಮನಸ್ಸಿನ ಏರುಪೇರಿಗೆ ಕಾರ್ಬಮಜೆಪಿನ್ ನಡೆಯುತ್ತಿರುತ್ತದೆ. ಇವೆರಡೂ, ಫಿನೊಬಾರ್ಬಿಟಾನ್ ಕೂಡ, ಹೆಪಟೈಟಿಸ್ ಸಿ ಮಾತ್ರೆಯನ್ನು ದೇಹದಿಂದ ಬೇಗ ಹೊರಹಾಕಿಸಿ ಕೆಲಸ ಮಾಡದಂತೆ ಮಾಡುತ್ತವೆ. ಟಿಬಿಯ ರಿಫಾಂಪಿಸಿನ್ ಸಹ ಹಾಗೇ. 84 ದಿನ ತಪ್ಪದೆ ನುಂಗಿಯೂ ಸೋತವನಿಗೆ "ನನ್ನ ಹಣೆಬರಹ" ಅನ್ನಿಸುತ್ತದೆ. ಹಣೆಬರಹ ಅಲ್ಲ, ಎಪ್ಟಾಯಿನ್.

ಆದರೆ ನೀವೇ ಅದನ್ನು ನಿಲ್ಲಿಸಬೇಡಿ! ಫಿಟ್ಸ್ ಮಾತ್ರೆ ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಬರೆದ ಡಾಕ್ಟರಿಗೂ ಲಿವರ್ ಡಾಕ್ಟರಿಗೂ ಎರಡೂ ಚೀಟಿ ತೋರಿಸಿ, ಬೇರೆ ಮಾತ್ರೆಗೆ ನಿಧಾನವಾಗಿ ಬದಲಿಸಿ, ಆಮೇಲೆ ಶುರು ಮಾಡುತ್ತಾರೆ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ಥರದವಕ್ಕೆ ಇಂಥ ತೊಂದರೆ ಇಲ್ಲ. ನಶೆಯ ಬದಲಿಗೆ ಡಾಕ್ಟರ್ ಕೊಡುವ, ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಜೊತೆಗೂ ಇಲ್ಲ. ವೆಲ್‌ಪಟಾಸ್ವಿರ್ ಕೊಟ್ಟಿದ್ದರೆ ಮಾತ್ರ ಗ್ಯಾಸ್ ಮಾತ್ರೆಯನ್ನು ಕೇಳದೆ ನುಂಗಬೇಡಿ.

ಹಂತ 6: ಹುಬ್ಬಳ್ಳಿ ಮತ್ತು ಧಾರವಾಡ, ಎರಡೂ ಒಟ್ಟಿಗೆ

ಲಿವರ್ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ನಮ್ಮ ಅವಳಿನಗರದಲ್ಲಿ ಇದು ಅಕ್ಷರಶಃ ನಿಜ. ಹುಬ್ಬಳ್ಳಿಯಲ್ಲಿ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದಲ್ಲಿ ಮನಸ್ಸಿನ ಕಾಯಿಲೆಯ ಆಸ್ಪತ್ರೆ ಡಿಮ್ಹಾನ್ಸ್, ನಡುವೆ ಇಪ್ಪತ್ತು ಕಿಲೋಮೀಟರ್ ಮತ್ತು ಚಿಗರಿ ಬಸ್. ಗದಗ, ಹಾವೇರಿಯವರು ಮೊದಲು ತಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಎರಡೂ ವಿಭಾಗ ಕೇಳಿ. ತಾಲೂಕಿನವರಿಗೆ ಮನೋಚೈತನ್ಯ ಕಾರ್ಯಕ್ರಮ ಇದೆ, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ.

ಒಂದೇ ದಿನ ಎರಡೂ ಮುಗಿಸುವ ಆಸೆ ಬೇಡ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು ಅಂದರೆ ಸಂಜೆಗೆ ಅವನೂ ಇಲ್ಲ ನೀವೂ ಇಲ್ಲ. ಮೊದಲ ವಾರ ಒಂದು, ಎರಡನೇ ವಾರ ಇನ್ನೊಂದು. ಫೈಲು ಮಾತ್ರ ಒಂದೇ ಇರಲಿ, ಮೊದಲ ಹಾಳೆಯ ಮೇಲೆ ಎಲ್ಲ ಮಾತ್ರೆಗಳ ಪಟ್ಟಿ.

ಮನೋವೈದ್ಯರ ಹತ್ತಿರ ಕೇಳಬೇಕಾದ್ದು ಎರಡು. ಖಿನ್ನತೆ ಅಥವಾ ಗಾಬರಿಗೆ ಚಿಕಿತ್ಸೆ, ಮತ್ತು ನಶೆಯ ಬದಲಿಗೆ ಕೊಡುವ ಬುಪ್ರೆನಾರ್ಫಿನ್. ಇದನ್ನು "ಒಂದು ನಶೆ ಬಿಡಿಸಿ ಇನ್ನೊಂದು ಹಚ್ಚುತ್ತಾರೆ" ಅಂತ ಬಯ್ಯುವವರಿದ್ದಾರೆ. ದಿನ ಬೆಳಗಾದರೆ ಮಾಲು ಹುಡುಕುವ ಓಟ ನಿಂತವನು ಮಾತ್ರ ಬೇರೆ ಮಾತ್ರೆಯ ಹೊತ್ತು ನೆನಪಿಟ್ಟುಕೊಳ್ಳಬಲ್ಲ, ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಎಚ್ಚರ: ಮೊದಲ ಡೋಸ್ ನಶೆ ಇಳಿದು ಮೈಕೈ ನೋವು ಶುರುವಾದ ಮೇಲೇ. ಸೂಜಿ ಹಾಕಿಕೊಂಡು ಬಂದು ಹಾಗೇ ನಾಲಿಗೆ ಕೆಳಗಿಟ್ಟರೆ ನಶೆ ಇಳಿಯುವ ಸಂಕಟ ಒಂದೇ ಏಟಿಗೆ ಬಡಿಯುತ್ತದೆ, ಆಮೇಲೆ ಅವನು ಆ ಬಾಗಿಲಿಗೆ ಬರುವುದಿಲ್ಲ. ಡಾಕ್ಟರಿಗೆ ಕಡೆಯ ಸೂಜಿ ಯಾವಾಗ ಅಂತ ಸುಳ್ಳು ಹೇಳಬಾರದು ಅನ್ನುವುದು ಇದಕ್ಕೇ. ಬುಪ್ರೆನಾರ್ಫಿನ್ ಜೊತೆ ನಿದ್ದೆ ಮಾತ್ರೆ, ಸಾರಾಯಿ ಸೇರಿದರೆ ಉಸಿರು ನಿಲ್ಲಬಹುದು.

ಪೊಲೀಸ್ ಭಯ ಇದ್ದವರಿಗೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಮ್ಮ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು ಅನ್ನುವ ಹಕ್ಕಿದೆ. ಅದೇ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಬೇರೆ ಅಂತ ಸಾಬೀತಾಗದ ಹೊರತು ಶಿಕ್ಷೆ ಇಲ್ಲ. ಕೇಸ್ ಆಗುತ್ತದೆ ಅಂತ ಮನೆಯಲ್ಲೇ ಮುಚ್ಚಿಟ್ಟು ಕೂರಬೇಡಿ.

ಹಂತ 7: 84 ದಿನ

ಹೆಚ್ಚಾಗಿ 28 ಮಾತ್ರೆಗಳ ಡಬ್ಬಿ, ಮೂರು ಸಲ ತರಬೇಕು. ಲಿವರ್ ತೀರಾ ಕೆಟ್ಟಿದ್ದರೆ ಔಷಧವೂ ಅವಧಿಯೂ ಬೇರೆ, ಅದನ್ನು ಡಾಕ್ಟರ್ ಹೇಳುತ್ತಾರೆ.

ಮಾತ್ರೆಯನ್ನು ದಿನಾ ತಪ್ಪದೆ ಮಾಡುವ ಯಾವುದಾದರೂ ಒಂದಕ್ಕೆ ಕಟ್ಟಿಹಾಕಿ. ಹೆಚ್ಚಿನವರಿಗೆ ಅದು ಮುಂಜಾನೆಯ ಚಹಾ. ಒಬ್ಬ ಆಟೋ ಅಣ್ಣ ತನ್ನ ಡಬ್ಬಿಯನ್ನು ಚಹಾದಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದ, ಅಂಗಡಿಯವನು ಒಂದು ಸಿಂಗಲ್ ಚಹಾ, ಒಂದು ಗುಳಿಗೆ ಕೊಡುತ್ತಿದ್ದ. ಏನು ಮಾತ್ರೆ ಅಂತ ಒಂದು ದಿನವೂ ಕೇಳಲಿಲ್ಲವಂತೆ. ಮನೆ ಇಲ್ಲದೆ ರೈಲ್ವೆ ಸ್ಟೇಷನ್ ಸುತ್ತ ಮಲಗುವವರಿಗೆ ಡಬ್ಬಿ ಪೂರ್ತಿ ಕೊಡಬೇಡಿ, ವಾರದ ಏಳು ಮಾತ್ರೆ ಮಾತ್ರ, ಕಳೆದರೆ ಏಳೇ ಕಳೆಯುತ್ತದೆ.

ತಪ್ಪಿದರೆ? ಅದೇ ದಿನ ನೆನಪಾದರೆ ತಗೊಳ್ಳಿ. ಮರುದಿನ ನೆನಪಾದರೆ ಆ ದಿನದ್ದು ಒಂದೇ, ಎರಡು ಬೇಡ. ಮೂರ್ನಾಲ್ಕು ದಿನ ತಪ್ಪಿದರೂ ಇವತ್ತೇ ಮುಂದುವರಿಸಿ, ಡಾಕ್ಟರಿಗೆ ತಿಳಿಸಿ, 84 ಮುಗಿಸಿ. ಎಂಟು ದಿನ ಅಥವಾ ಜಾಸ್ತಿ ಆಗಿದ್ದರೂ ಬಿಡಬೇಡಿ, ಆದರೆ ಡಾಕ್ಟರನ್ನು ಆದಷ್ಟು ಬೇಗ ನೋಡಿ, ಮತ್ತೆ ಆರ್‌ಎನ್‌ಎ ಮಾಡಿಸಬಹುದು. ತಪ್ಪಿದ್ದನ್ನು ಹೇಳಿದವನಿಗೆ ಬಯ್ದರೆ ಮುಂದಿನ ಸಲ ಅವನು ಹೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು.

ಕ್ಯಾಲೆಂಡರಿನಲ್ಲಿ ಈ ನಾಲ್ಕು ಹೊತ್ತಿಗೆ ಕೆಂಪು ಗುರುತು ಹಾಕಿ. ಮೊದಲ ವಾರ, ಸ್ವಲ್ಪ ತಲೆನೋವು, ಸುಸ್ತು, ಓಕರಿಕೆ ಬಂದು "ಇದು ನಂಗ ಆಗೂದಿಲ್ಲ" ಅನ್ನುವ ಹೊತ್ತು. ನಾಲ್ಕನೇ ವಾರ, ಮೈ ಹಗುರಾಗಿ "ನಂಗ ಆರಾಮ ಆಗೈತಿ" ಅಂತ ಎರಡನೇ ಡಬ್ಬಿ ತರದ ಹೊತ್ತು. ಎಂಟನೇ ವಾರ, ಎಲ್ಲರ ಉತ್ಸಾಹ ಇಳಿದಿರುತ್ತದೆ, ನಿಮ್ಮದೂ ಸೇರಿ. ಮತ್ತೆ ಮನೆಯಲ್ಲಿ ಮದುವೆ, ಜಾತ್ರೆ, ಸಾವು ಯಾವುದು ಬಂದರೂ ಆ ವಾರ. ಡಬ್ಬಿಯಲ್ಲಿ ಏಳು ಮಾತ್ರೆ ಉಳಿದಾಗಲೇ ಮುಂದಿನದಕ್ಕೆ ಹೋಗಿ, ಒಂದು ಉಳಿದಾಗ ಅಲ್ಲ.

ಈ ನಡುವೆ ಸೂಜಿ ಹಾಕಿಕೊಂಡರೆ ಮಾತ್ರೆ ನಿಲ್ಲಿಸಬೇಕಾ? ಬೇಡ. ಇದನ್ನೇ ಅತಿ ಜಾಸ್ತಿ ಕೇಳುತ್ತಾರೆ. ನಾಚಿಕೆಯಿಂದ ತಾವೇ ನಿಲ್ಲಿಸಿಬಿಡುತ್ತಾರೆ, "ನಾ ಕೆಡಿಸಿಕೊಂಡೆ" ಅಂತ. ಮಾತ್ರೆ ಮುಂದುವರಿಯಲಿ, ಸೂಜಿ ಹೊಸದಿರಲಿ. ಸೂಜಿ ಮಾತ್ರವಲ್ಲ, ಹತ್ತಿ, ನೀರು, ಕರಗಿಸುವ ಮುಚ್ಚಳ ಯಾವುದನ್ನೂ ಹಂಚಿಕೊಳ್ಳಬಾರದು. ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ ಈ ವೈರಸ್ ವಾರಗಟ್ಟಲೆ ಬದುಕಿರುತ್ತದೆ.

ಹಂತ 8: ಮನೆಯವರಿಗೆ

ತಾಟು ಬೇರೆ, ಹಾಸಿಗೆ ಬೇರೆ, ಮಗುವನ್ನು ಮುಟ್ಟಬೇಡ. ಇದರಿಂದ ವೈರಸ್ ತಡೆಯುವುದಿಲ್ಲ, ಮನುಷ್ಯನನ್ನು ಮಾತ್ರ ಮುರಿಯುತ್ತದೆ. ಹೆಪಟೈಟಿಸ್ ಸಿ ರಕ್ತದಿಂದ ಹರಡುತ್ತದೆ. ಒಂದೇ ತಾಟಿನಲ್ಲಿ ರೊಟ್ಟಿ ತಿಂದರೆ, ಅಪ್ಪಿಕೊಂಡರೆ, ಕೆಮ್ಮಿದರೆ ಬರುವುದಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿ ಬೇರೆ ಇಟ್ಟರೆ ಸಾಕು. ಅವ್ವಂದಿರಿಗೆ ಇದನ್ನು ಡಾಕ್ಟರ್ ಬಾಯಿಂದಲೇ ಹೇಳಿಸಿ, ನಾವು ಹೇಳಿದರೆ "ನಿಮಗೇನ ಗೊತ್ತ ತಮ್ಮಾ" ಅನ್ನುತ್ತಾರೆ.

ಈ ಗುರುತು ಕಂಡರೆ ಕಾಯಬೇಡಿ

ಇದ್ದಕ್ಕಿದ್ದಂತೆ ಶಾಂತವಾಗಿ ಸಾಲ ತೀರಿಸುವುದು, ವಸ್ತು ಹಂಚುವುದು, "ಅವ್ವನ್ನ ನೋಡಕೋರಿ" ಅನ್ನುವುದು. ಅವನನ್ನು ಒಬ್ಬನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆ ದಾಸ್ತಾನು ದೂರ ಸರಿಸಿ. ಹಗಲು ರಾತ್ರಿ ಯಾವಾಗ ಬೇಕಾದರೂ 14416 ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ನಶೆಯ ಬಗ್ಗೆ ಕೇಳಲು 14446.

ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದರೆ 108ಕ್ಕೆ ಫೋನ್, ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಏನು ತಗೊಂಡಿದ್ದಾನೆ ಅಂತ ಬಂದವರಿಗೆ ನಿಜ ಹೇಳಿ. ಕೆಲವು ವಾರ ಬಿಟ್ಟಿದ್ದು, ಅಥವಾ ನಶೆ ಬಿಡಿಸುವ ಕೇಂದ್ರದಿಂದ, ಜೈಲಿನಿಂದ ಹೊರಬಂದು ಹಳೇ ಅಳತೆಯನ್ನೇ ಹಾಕಿಕೊಂಡಾಗ ಇದು ಜಾಸ್ತಿ ಆಗುತ್ತದೆ, ಯಾಕೆಂದರೆ ದೇಹಕ್ಕೆ ಆ ಅಳತೆ ತಡೆಯುವ ಶಕ್ತಿ ಹೋಗಿರುತ್ತದೆ.

ಕಣ್ಣು ಹಳದಿ, ಹೊಟ್ಟೆ ಉಬ್ಬರ, ಕಪ್ಪು ಮಲ, ರಕ್ತ ವಾಂತಿ ಕಂಡರೆ ನೇರ ಆಸ್ಪತ್ರೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತೊದಲುವುದು ಲಿವರ್ ಸೋಲುತ್ತಿರುವ ಗುರುತೂ ಆಗಬಹುದು. ಅದನ್ನು "ನಶಾದಾಗ ಇದ್ದಾನ" ಅಂತ ಬಿಟ್ಟು ಕೆಟ್ಟದ್ದನ್ನು ನೋಡಿದ್ದೇನೆ.

ಹಂತ 9: ಮುಗಿದ ಮೇಲೆ ಇನ್ನೂ 12 ವಾರ

84ನೇ ಮಾತ್ರೆ ನುಂಗಿದ ದಿನ ಎಲ್ಲರೂ ಖುಷಿ ಪಡುತ್ತಾರೆ, ಅವನೊಬ್ಬ ಬಿಟ್ಟು. ಮೂರು ತಿಂಗಳು ದಿನಕ್ಕೊಂದು ಕೆಲಸ ಇತ್ತು, ಒಬ್ಬರು ಫೋನ್ ಮಾಡಿ ಕೇಳುತ್ತಿದ್ದರು, ಈಗ ಏನೂ ಇಲ್ಲ. ಈ ಖಾಲಿತನದಲ್ಲಿ ಬಿದ್ದವರು ಬಹಳ. ಫೋನ್ ನಿಲ್ಲಿಸಬೇಡಿ, ಮನೋವೈದ್ಯರ ಭೇಟಿಯನ್ನೂ. ಲಿವರ್ ಮಾತ್ರೆ ಮುಗಿಯಿತು ಅಂತ ಖಿನ್ನತೆಯ ಮಾತ್ರೆಯನ್ನೂ ನಿಲ್ಲಿಸುವವರಿದ್ದಾರೆ, ಅದು ಬೇರೆ ಲೆಕ್ಕ.

ವಾಸಿಯಾಯಿತು ಅಂತ ಹೇಳುವುದು ಮಾತ್ರೆ ಮುಗಿದ 12 ವಾರದ ನಂತರದ ಆರ್‌ಎನ್‌ಎ ಪರೀಕ್ಷೆ. ಆ ದಿನಾಂಕವನ್ನು ಕಡೆಯ ಡಬ್ಬಿ ತಂದ ದಿನವೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಮತ್ತೆ ನರ, ಮತ್ತೆ ಬಿಸಿ ಟವೆಲ್, ಮತ್ತೆ ಗಿರ್ಮಿಟ್. ವೈರಸ್ ಇಲ್ಲ ಅಂತ ಬಂದರೂ ಮತ್ತೆ ಹಂಚಿದ ಸೂಜಿಯಿಂದ ಮತ್ತೆ ಬರಬಹುದು. ಬಂದರೆ ಮತ್ತೆ ಚಿಕಿತ್ಸೆ ಇದೆ, ಸೂಜಿ ನಡೆಯುತ್ತಿದ್ದರೆ ವರ್ಷಕ್ಕೊಮ್ಮೆಯಾದರೂ ಆರ್‌ಎನ್‌ಎ ಮಾಡಿಸಿ.

ಆ ಕಡೆಯ ರಿಪೋರ್ಟಿನ ಮೂರು ಝೆರಾಕ್ಸ್ ತೆಗೆಸಿ, ಒಂದನ್ನು ಲ್ಯಾಮಿನೇಷನ್ ಮಾಡಿಸಿ. ಆಂಟಿಬಾಡಿ ವಾಸಿಯಾದ ಮೇಲೂ ಸಾಮಾನ್ಯವಾಗಿ ರಕ್ತದಲ್ಲಿ ಉಳಿಯುತ್ತದೆ. ಮುಂದೆ ಯಾವಾಗಲೋ ಹಲ್ಲು ಕೀಳಿಸಲು, ಅಪೆಂಡಿಕ್ಸ್ ಆಪರೇಷನ್ನಿಗೆ ಹೋದಾಗ ಕಿಟ್‌ನಲ್ಲಿ ಮತ್ತೆ ಪಾಸಿಟಿವ್ ಅಂತ ಬರುತ್ತದೆ, ಯಾರೋ ಗಾಬರಿಯಿಂದ ಅವನ ಮುಖ ನೋಡುತ್ತಾರೆ. ಆಗ ಅವನು ಮಾತಾಡಬೇಕಿಲ್ಲ, ಜೇಬಿನಿಂದ ಈ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರೆ ಸಾಕು.